ಸಂಜೆ ಲೇಟಾಗುವ ವಿಮಾನದ ಕಾಯಿಲೆ ಶುರುವಾಗುವುದು ಬೆಳಗ್ಗೆ

ಪ್ರಶ್ನೆ: ನಾನು ಒಂದು ಏರ್‌ಲೈನ್ ಸಿಮ್ಯುಲೇಶನ್ ಗೇಮ್ ಆಡುತ್ತಿದ್ದೇನೆ. ಒಂದು ಹಬ್ (ವಿಮಾನಗಳ ಮೂಲ ನಿಲ್ದಾಣ), ಆರು ಏರ್‌ಬಸ್ ಎ320 ವಿಮಾನ. ಆರನ್ನೂ ಒಂದೇ ವಾರದಲ್ಲಿ ತೆಗೆದುಕೊಂಡೆ. ಪ್ರತಿ ವಿಮಾನಕ್ಕೂ ದಿನಕ್ಕೆ ನಾಲ್ಕು ರೌಂಡ್ ಟ್ರಿಪ್, ಅಂದರೆ ಎಂಟು ಫ್ಲೈಟ್. ಒಂದೊಂದು ಫ್ಲೈಟ್ 1 ಗಂಟೆ 45 ನಿಮಿಷ. ನಡುವಿನ ಟರ್ನ್‌ಅರೌಂಡ್ (ಇಳಿದು ಮತ್ತೆ ಹೊರಡಲು ಬೇಕಾದ ಹೊತ್ತು) 40 ನಿಮಿಷ, ಅದಕ್ಕಿಂತ ಕಡಿಮೆಗೆ ಗೇಮ್ ಬಿಡುವುದಿಲ್ಲ. ಬೆಳಗ್ಗೆ 05:30ಕ್ಕೆ ಶುರು, ರಾತ್ರಿ 00:10ಕ್ಕೆ ಮುಗಿಯುತ್ತದೆ. ವಾರಕ್ಕೊಮ್ಮೆ 5 ಗಂಟೆಯ ಲೈನ್ ಮೇಂಟೆನೆನ್ಸ್ (ಮಾಮೂಲಿ ತಪಾಸಣೆ, ದುರಸ್ತಿ) ಬೇಕು, ಅದನ್ನು ಆರಕ್ಕೂ ಭಾನುವಾರ ರಾತ್ರಿ ಇಟ್ಟಿದ್ದೇನೆ. 500 ಗಂಟೆ ಹಾರಿದ ಮೇಲೆ 8 ಗಂಟೆಯ ಎ ಚೆಕ್, ಅದು ಇನ್ನೂ ದೊಡ್ಡ ತಪಾಸಣೆ. ಎರಡೂ ಹಬ್‌ನಲ್ಲೇ ಆಗಬೇಕು. ಬೆಳಗಿನ ಫ್ಲೈಟ್‌ಗಳು ಸರಿಯಾಗಿವೆ. ಸಂಜೆಯವು ಒಂದು, ಒಂದೂವರೆ ಗಂಟೆ ಲೇಟ್. ಸೋಮವಾರ ಮಾತ್ರ ಬೆಳಗ್ಗೆಯಿಂದಲೇ ಲೇಟ್. ಸಂಜೆಯ ಫ್ಲೈಟ್‌ಗಳ ಟೈಮ್ ಬದಲಾಯಿಸಿದೆ, ದುಬಾರಿ ಗ್ರೌಂಡ್ ಹ್ಯಾಂಡ್ಲಿಂಗ್ (ನೆಲದ ಮೇಲೆ ವಿಮಾನವನ್ನು ಸಿದ್ಧಮಾಡುವ ಸೇವೆ) ತೆಗೆದುಕೊಂಡೆ, ಉಪಯೋಗವಾಗಲಿಲ್ಲ. ವಿಮಾನಗಳ ಕಂಡಿಷನ್ ಶೇಕಡಾ 91ಕ್ಕೆ ಇಳಿದಿದೆ. ಆರೂ ವಿಮಾನ ಈಗ 300 ಗಂಟೆಯ ಹತ್ತಿರ ಇವೆ. ಏನು ಮಾಡಲಿ?

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ನೀವು ಮಾಡಿರುವುದು ಅದೇ. ಜ್ವರ ಇರುವುದು ಬೆಳಗಿನ ಶೆಡ್ಯೂಲ್‌ನಲ್ಲಿ, ಬರೆ ಬಿದ್ದಿರುವುದು ಸಂಜೆಯ ಫ್ಲೈಟ್‌ಗಳಿಗೆ. ಬೇಜಾರು ಮಾಡಿಕೊಳ್ಳಬೇಡಿ, ಈ ಬಗೆಯ ಗೇಮ್ ಆಡುವವರಲ್ಲಿ ಬಹಳ ಜನ ಮೊದಲು ಇಲ್ಲೇ ಎಡವುತ್ತಾರೆ. ನಾನೂ ಎಡವಿದವನೇ, ಆ ಕಥೆ ಆಮೇಲೆ ಹೇಳುತ್ತೇನೆ.

ನೀವು ಕೊಟ್ಟ ಲೆಕ್ಕವನ್ನೇ ಒಮ್ಮೆ ಕೂಡಿ. ಎಂಟು ಫ್ಲೈಟ್‌ಗೆ 14 ಗಂಟೆ. ಏಳು ಟರ್ನ್‌ಅರೌಂಡ್‌ಗೆ 4 ಗಂಟೆ 40 ನಿಮಿಷ. ಒಟ್ಟು 18 ಗಂಟೆ 40 ನಿಮಿಷ. ರಾತ್ರಿಗೆ ಉಳಿದದ್ದು 5 ಗಂಟೆ 20 ನಿಮಿಷ. ಅದರಲ್ಲಿ ಮೇಂಟೆನೆನ್ಸ್‌ಗೆ 5 ಗಂಟೆ. ಅಂದರೆ ಭಾನುವಾರ ಬೆಳಗ್ಗೆಯಿಂದ ಸೋಮವಾರ ಬೆಳಗಿನವರೆಗೆ ನಿಮ್ಮ ಕೈಯಲ್ಲಿರುವ ಬಿಡುವು 20 ನಿಮಿಷ. ಅದೂ ದಿನದ ಕೊನೆಯಲ್ಲಿ ಇದೆ, ಬೇಕಾದ ಕಡೆ ಇಲ್ಲ.

ಈಗ ಒಂದು ವಿಮಾನದ ಹಿಂದೆ ಹೋಗೋಣ. 05:30ಕ್ಕೆ ಹೊರಟು 07:15ಕ್ಕೆ ಆ ಕಡೆ ಇಳಿಯಿತು. 07:55ಕ್ಕೆ ವಾಪಸ್ ಹೊರಡಬೇಕು. ಬೆಳಗಿನ ಮಂಜು, 25 ನಿಮಿಷ ಲೇಟಾಗಿ 08:20ಕ್ಕೆ ಹೊರಟಿತು. ಹಬ್‌ಗೆ 09:40ರ ಬದಲು 10:05ಕ್ಕೆ ಬಂತು. ಟರ್ನ್‌ಅರೌಂಡ್ 40 ನಿಮಿಷಕ್ಕಿಂತ ಕಡಿಮೆ ಆಗಲ್ಲ, ಹಾಗಾಗಿ 10:20ರ ಫ್ಲೈಟ್ 10:45ಕ್ಕೆ. ಅಲ್ಲಿಂದ ರಾತ್ರಿ ಕೊನೆಯ ಫ್ಲೈಟ್‌ವರೆಗೂ ಆ 25 ನಿಮಿಷ ಕರಗುವುದೇ ಇಲ್ಲ. ಮಧ್ಯಾಹ್ನ ಎಲ್ಲೋ ಟೈರ್ ಬದಲಾಯಿಸಲು 20 ನಿಮಿಷ ಹೋಯಿತು, 45 ಆಯಿತು. ಸಂಜೆ ಗುಡುಗು ಮಳೆಗೆ ಇನ್ನೊಂದು 30, ಅಲ್ಲಿಗೆ 75. ರಾತ್ರಿ 00:10ಕ್ಕೆ ಬರಬೇಕಾದ್ದು 01:25ಕ್ಕೆ ಬಂತು. ಅದು ಭಾನುವಾರವಾದರೆ 5 ಗಂಟೆಯ ಮೇಂಟೆನೆನ್ಸ್ ಮುಗಿಯುವಾಗ 06:25. ಸೋಮವಾರದ ಮೊದಲ ಫ್ಲೈಟ್ 55 ನಿಮಿಷ ಲೇಟು. ನಿಮ್ಮ ಸೋಮವಾರದ ಗುಟ್ಟು ಇಷ್ಟೇ.

ನೀವು ಡಿಲೇ ಮತ್ತು ಮೇಂಟೆನೆನ್ಸ್ ಅಂತ ಎರಡು ತೊಂದರೆ ಬರೆದಿದ್ದೀರಿ. ನನಗೆ ಕಾಣುವುದು ಒಂದೇ. ಇಬ್ಬರೂ ಅವೇ ಖಾಲಿ ಗಂಟೆಗಳಿಗೆ ಕೈ ಹಾಕುತ್ತಾರೆ. ಹಗಲಿನ ತಡವು ರಾತ್ರಿಯ ಮೇಂಟೆನೆನ್ಸ್ ಅನ್ನು ತಿನ್ನುತ್ತದೆ, ಮೇಂಟೆನೆನ್ಸ್ ಮರುದಿನದ ಬೆಳಗನ್ನು ತಿನ್ನುತ್ತದೆ. ಮೇಂಟೆನೆನ್ಸ್ ಅರ್ಧಕ್ಕೆ ನಿಂತರೆ ಕಂಡಿಷನ್ ಇಳಿಯುತ್ತದೆ, ಕಂಡಿಷನ್ ಇಳಿದರೆ ಕೆಟ್ಟು ನಿಲ್ಲುವುದು ಜಾಸ್ತಿಯಾಗುತ್ತದೆ, ಅದರಿಂದ ಮತ್ತೆ ತಡ. ಆದ್ದರಿಂದ ಬಿಡುವು ಎಲ್ಲಿ ಇಡಬೇಕು ಅನ್ನುವ ಒಂದೇ ಪ್ರಶ್ನೆಗೆ ಉತ್ತರ ಸಿಕ್ಕರೆ ಎರಡೂ ಸರಿಹೋಗುತ್ತವೆ.

ಒಂದು ಮಾತು ಇಲ್ಲಿ ಗಮನಿಸಿ. ವಿಮಾನ 10 ನಿಮಿಷ ಮುಂಚೆ ಬಂದರೆ ಮುಂದಿನ ಫ್ಲೈಟ್ 10 ನಿಮಿಷ ಮುಂಚೆ ಹೊರಡುವುದಿಲ್ಲ, ಟಿಕೆಟ್‌ನಲ್ಲಿ ಬರೆದ ಟೈಮ್‌ಗೇ ಹೊರಡಬೇಕು. 10 ನಿಮಿಷ ಲೇಟಾಗಿ ಬಂದರೆ ಮಾತ್ರ ಅದು ಮುಂದಕ್ಕೆ ದಾಟುತ್ತದೆ. ಲಾಭ ಅಲ್ಲಲ್ಲೇ ಸೋರಿಹೋಗುತ್ತದೆ, ನಷ್ಟ ಮಾತ್ರ ಜಮೆಯಾಗುತ್ತದೆ. ಬಿಡುವಿಲ್ಲದ ಶೆಡ್ಯೂಲ್ ಒಳ್ಳೆಯ ದಿನಗಳಲ್ಲೂ ಸಂಜೆ ಹೊತ್ತಿಗೆ ತಡವಾಗಿಯೇ ಇರುವುದು ಇದಕ್ಕೇ. ನಿಮ್ಮ ಹಣೆಬರಹ ಕೆಟ್ಟದ್ದೂ ಅಲ್ಲ, ಗೇಮ್ ಮೋಸ ಮಾಡುತ್ತಲೂ ಇಲ್ಲ.

ನಿಜವಾದ ವಿಮಾನ ಕಂಪನಿಗಳಲ್ಲಿ ಪ್ರತಿ ತಡಕ್ಕೂ ಒಂದು ಕೋಡ್ ಹಾಕುತ್ತಾರೆ. ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ ಸಂಸ್ಥೆಯ ಪಟ್ಟಿಯಲ್ಲಿ 41 ಅಂದರೆ ವಿಮಾನದಲ್ಲೇ ದೋಷ, 42 ಅಂದರೆ ಮೇಂಟೆನೆನ್ಸ್‌ನಿಂದ ಹೊರಬರುವುದು ತಡ, 93 ಅಂದರೆ ಹಿಂದಿನ ಫ್ಲೈಟ್‌ನಿಂದ ವಿಮಾನವೇ ಲೇಟಾಗಿ ಬಂತು. ಯುರೋಪಿನಲ್ಲಿ ತಡದ ನಿಮಿಷಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಈ ಹಿಂದಿನಿಂದ ಬಂದ ಜಾತಿಯವೇ. ನಿಮ್ಮ ಗೇಮ್ ಕೋಡ್ ತೋರಿಸದಿದ್ದರೂ ಪರವಾಗಿಲ್ಲ. ಒಂದು ವಾರ ಒಂದು ಹಾಳೆ ಇಟ್ಟುಕೊಳ್ಳಿ. ಪ್ರತಿ ವಿಮಾನಕ್ಕೆ ಆ ದಿನ ಹೊಸದಾಗಿ ಹುಟ್ಟಿದ ತಡವನ್ನು ಮಾತ್ರ ಬರೆಯಿರಿ, ಮುಂದಕ್ಕೆ ಸಾಗಿ ಬಂದದ್ದನ್ನು ಬಿಡಿ. ಸಂಜೆಯ ನಾಲ್ಕು ತಡಗಳಲ್ಲಿ ಮೂರು ಬೆಳಗಿನ ಒಂದರ ಮರಿಗಳು ಅಂತ ಕಣ್ಣಿಗೇ ಕಾಣುತ್ತದೆ. ದುಬಾರಿ ಗ್ರೌಂಡ್ ಹ್ಯಾಂಡ್ಲಿಂಗ್ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದೂ ಆಗ ತಿಳಿಯುತ್ತದೆ. ಗೇಮ್ 40 ನಿಮಿಷಕ್ಕಿಂತ ಕೆಳಗೆ ಬಿಡದಿದ್ದ ಮೇಲೆ ಅವರು ಎಷ್ಟು ಚುರುಕಾಗಿದ್ದರೂ ಹಳೆಯ ತಡವನ್ನು ತಿನ್ನಲಾರರು. ಆ ಕಂಪನಿಯನ್ನು ಬಿಟ್ಟು ಹಣ ಉಳಿಸಿ.

ಈಗ ಶೆಡ್ಯೂಲ್ ಮತ್ತೆ ಕಟ್ಟೋಣ.

ಎಲ್ಲ ಕಡೆಗೂ 10-10 ನಿಮಿಷ ಸುಮ್ನೆ ಹಂಚಿದರೆ ಆಗಲ್ವಾ ಅಂತ ಕೇಳಬಹುದು. ಸಣ್ಣ ತಡಕ್ಕೆ ಆಗುತ್ತದೆ, ಮುಕ್ಕಾಲು ಗಂಟೆಯ ತಡಕ್ಕೆ ಆಗಲ್ಲ. ಕಾಡಿನಲ್ಲಿ ಬೆಂಕಿ ಹರಡದಿರಲಿ ಅಂತ ಅಗಲವಾಗಿ ಒಂದು ಪಟ್ಟಿ ಸವರಿ ಬಿಡುತ್ತಾರಲ್ಲ, ಬೆಂಕಿ ರೇಖೆ, ಅಂಥದ್ದೊಂದು ದಿನದ ನಡುವೆ ಬೇಕು. ನಾನು ಎರಡನ್ನೂ ಬೆರೆಸುತ್ತೇನೆ. ಆ ಕಡೆಯ ಏರ್‌ಪೋರ್ಟ್‌ನಲ್ಲಿ 45 ನಿಮಿಷ, ಹಬ್‌ನಲ್ಲಿ 50 ನಿಮಿಷ, ಎರಡನೇ ರೌಂಡ್ ಟ್ರಿಪ್ ಆದ ಮೇಲೆ ಹಬ್‌ನಲ್ಲಿ ಒಮ್ಮೆ ಮಾತ್ರ ಒಂದೂವರೆ ಗಂಟೆ. ಬೆಂಕಿ ರೇಖೆ ಹಬ್‌ನಲ್ಲೇ ಇರಬೇಕು, ಯಾಕೆಂದರೆ ರಿಪೇರಿ ಮಾಡುವವರೂ ಬದಲಿ ವಿಮಾನವೂ ಇರುವುದು ಅಲ್ಲೇ.

ಇದರಿಂದ ದಿನ 1 ಗಂಟೆ 30 ನಿಮಿಷ ಉದ್ದವಾಗುತ್ತದೆ. ಅದನ್ನು ಎಲ್ಲಿಂದ ತರುವುದು? ಕೊನೆಯ ರೌಂಡ್ ಟ್ರಿಪ್‌ಗೆ ಹತ್ತಿರದ ಊರು ಹಾಕಿ, ಒಂದು ಗಂಟೆಯ ಫ್ಲೈಟ್. ಹೋಗಿ ಬರುವುದರಲ್ಲಿ ಒಂದೂವರೆ ಗಂಟೆ ಉಳಿಯಿತು. ಲೆಕ್ಕ ಸರಿಹೋಯಿತು.

ಹೊಸ ದಿನ ಹೀಗಿರುತ್ತದೆ. 05:30ಕ್ಕೆ ಹೊರಟು 07:15ಕ್ಕೆ ಆ ಕಡೆ, 08:00ಕ್ಕೆ ಹೊರಟು 09:45ಕ್ಕೆ ಹಬ್. 10:35ಕ್ಕೆ ಮತ್ತೆ ಹೊರಟು 12:20, ಅಲ್ಲಿಂದ 13:05ಕ್ಕೆ ಹೊರಟು 14:50ಕ್ಕೆ ಹಬ್. ಇಲ್ಲಿ ಉದ್ದ ಬಿಡುವು. 16:20ಕ್ಕೆ ಹೊರಟು 18:05, 18:50ಕ್ಕೆ ಹೊರಟು 20:35ಕ್ಕೆ ಹಬ್. ಕೊನೆಯ ಚಿಕ್ಕ ಟ್ರಿಪ್ 21:25ಕ್ಕೆ ಹೊರಟು 22:25, 23:10ಕ್ಕೆ ಹೊರಟು 00:10ಕ್ಕೆ ಮನೆ. ಮುಗಿಯುವ ಟೈಮ್ ಮೊದಲಿನದೇ.

ಬೆಳಗಿನ ಅದೇ 25 ನಿಮಿಷವನ್ನು ಇದರೊಳಗೆ ಬಿಟ್ಟು ನೋಡಿ. 08:00ರದ್ದು 08:25ಕ್ಕೆ ಹೊರಟು ಹಬ್‌ಗೆ 10:10ಕ್ಕೆ ಬಂತು. 40 ನಿಮಿಷದಲ್ಲಿ ರೆಡಿಯಾಗಿ 10:50ಕ್ಕೆ ಹೊರಟಿತು, ಈಗ ತಡ 15 ನಿಮಿಷ. ಆ ಕಡೆ ಇನ್ನೊಂದು 5 ಕರಗಿತು, 13:15ಕ್ಕೆ ಹೊರಟಿತು, ತಡ 10. ಹಬ್‌ಗೆ 15:00ಕ್ಕೆ ಬಂದು ಕೂತಿತು. 16:20ರ ಫ್ಲೈಟ್‌ಗೆ ಬೆಳಗ್ಗೆ ಮಂಜು ಇತ್ತು ಅನ್ನುವುದೇ ಗೊತ್ತಿಲ್ಲ. ಮಧ್ಯಾಹ್ನದ ಟೈರ್, ಸಂಜೆಯ ಮಳೆ ಬಂದರೂ ಒಂದರ ಮೇಲೊಂದು ಕೂರುವುದಿಲ್ಲ.

ಚಿಕ್ಕ ಟ್ರಿಪ್ ಅನ್ನು ಕೊನೆಗೇ ಇಟ್ಟಿರುವುದಕ್ಕೆ ಇನ್ನೊಂದು ಕಾರಣ ಇದೆ. ದಿನ ಪೂರ್ತಿ ಕೆಟ್ಟು ಕೂತರೆ ರದ್ದು ಮಾಡಲು ಅದೇ ಸುಲಭ. ಹಬ್‌ನಿಂದ ಹೊರಟು ಹಬ್‌ಗೇ ಬರುವ ಜೋಡಿ ಅದು, ತೆಗೆದುಹಾಕಿದರೂ ವಿಮಾನ ಇರಬೇಕಾದ ಜಾಗದಲ್ಲೇ ಇರುತ್ತದೆ. ಯಾವತ್ತೂ ಒಂದೇ ಕಡೆಯ ಫ್ಲೈಟ್ ರದ್ದು ಮಾಡಬೇಡಿ, ವಿಮಾನ ಬೇರೆ ಊರಲ್ಲಿ ಸಿಕ್ಕಿಹಾಕಿಕೊಂಡು ಮರುದಿನವೂ ಹಾಳು. ನನ್ನ ನಿಯಮ ಇಷ್ಟೇ: ಆ ವಿಮಾನಕ್ಕೆ ಮೇಂಟೆನೆನ್ಸ್ ಇಲ್ಲದ ರಾತ್ರಿಯಾದರೆ ಎರಡು ಗಂಟೆ ತಡವಾದರೂ ಹಾರಿಸುತ್ತೇನೆ, ಅದಕ್ಕಿಂತ ಜಾಸ್ತಿಯಾದರೆ ಜೋಡಿಯನ್ನೇ ಕಿತ್ತು ಹಾಕುತ್ತೇನೆ. ರದ್ದು ಮಾಡಿದರೆ ರೇಟಿಂಗ್ ಬೀಳುತ್ತದೆ ಅಂತ ಹೆದರಿ ಎಲ್ಲವನ್ನೂ ಲೇಟಾಗಿ ಹಾರಿಸಿದರೆ ಎಂಟು ಫ್ಲೈಟ್‌ನ ರೇಟಿಂಗ್ ಬೀಳುತ್ತದೆ.

ಕೆಲವು ಗೇಮ್‌ಗಳು ರಾತ್ರಿ ಹಾರಾಟದ ನಿರ್ಬಂಧವನ್ನೂ ತರುತ್ತವೆ. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 23:00ರಿಂದ 05:00ರವರೆಗೆ, ಸಿಡ್ನಿಯಲ್ಲಿ 23:00ರಿಂದ 06:00ರವರೆಗೆ ಇಂಥ ನಿರ್ಬಂಧ ನಿಜವಾಗಿಯೇ ಇದೆ. ಅಂಥ ಊರಿಗೆ ನಿಮ್ಮ ಕೊನೆಯ ಟ್ರಿಪ್ ಹಾಕಿದರೆ 23:10ರ ವಾಪಸ್ ಫ್ಲೈಟ್ ಏಳುವುದೇ ಇಲ್ಲ. ಹಬ್‌ಗೇ ಈ ನಿಯಮ ಇದ್ದರೆ ದಿನವನ್ನೇ 20:35ಕ್ಕೆ ಮುಗಿಸಬೇಕು, ಬೇರೆ ದಾರಿ ಇಲ್ಲ.

ಇನ್ನು ಆರು ವಿಮಾನಗಳನ್ನು ಒಟ್ಟಿಗೆ ನೋಡೋಣ. ಆರನ್ನೂ 05:30ಕ್ಕೇ ಹೊರಡಿಸಬೇಡಿ. ಒಂದೊಂದರ ನಡುವೆ 15 ನಿಮಿಷ ಅಂತರ ಇಡಿ: 05:30, 05:45, 06:00, ಹೀಗೆ ಆರನೆಯದು 06:45. ಇಡೀ ಸಾಲು, ಅಂದರೆ ಒಂದು ವಿಮಾನದ ಆ ದಿನದ ಎಂಟೂ ಫ್ಲೈಟ್, ಒಟ್ಟಿಗೇ ಸರಿಯುವುದರಿಂದ ಯಾರ ರಾತ್ರಿ ಬಿಡುವೂ ಕಡಿಮೆಯಾಗುವುದಿಲ್ಲ. ಮಧ್ಯಾಹ್ನದ ಉದ್ದ ಬಿಡುವುಗಳು ಒಂದರ ಮೇಲೊಂದು ಹಾಸಿಕೊಳ್ಳುತ್ತವೆ. ಮೊದಲನೆಯದು 14:50ರಿಂದ 16:20, ಎರಡನೆಯದು 15:05ರಿಂದ 16:35, ಮೂರನೆಯದು 15:20ರಿಂದ 16:50. ಈ ಹೊತ್ತಿನಲ್ಲಿ ವಿಮಾನಗಳನ್ನು ಅದಲುಬದಲು ಮಾಡಬಹುದು, ಮಜಾ ಇರುವುದು ಇಲ್ಲೇ.

ಮೊದಲನೇ ವಿಮಾನ 70 ನಿಮಿಷ ಲೇಟಾಗಿ 16:00ಕ್ಕೆ ಬಂತು ಅಂದುಕೊಳ್ಳಿ. 16:40ಕ್ಕೆ ಮುಂಚೆ ಅದು ಏಳಲ್ಲ, 16:20ರ ಫ್ಲೈಟ್ 20 ನಿಮಿಷ ಲೇಟಾಗಬೇಕು. ಆದರೆ ಎರಡನೇ ವಿಮಾನ 15:45ಕ್ಕೇ ರೆಡಿ ನಿಂತಿದೆ, 16:20ಕ್ಕೆ ಅದನ್ನು ಕಳಿಸಿ. ಅದರ 16:35ರ ಫ್ಲೈಟ್‌ಗೆ ಮೂರನೇ ವಿಮಾನ, ಅದು 16:00ಕ್ಕೇ ರೆಡಿ. ಮೂರನೆಯದರ 16:50ಕ್ಕೆ ಮೊದಲ ವಿಮಾನ. ಮೂರು ಫ್ಲೈಟ್, ಒಂದು ನಿಮಿಷವೂ ತಡವಿಲ್ಲ. ಒಂದೇ ಮಾದರಿಯ ವಿಮಾನ ಇಟ್ಟುಕೊಳ್ಳುವುದರ ನಿಜವಾದ ಲಾಭ ಇದು. ಬಿಡಿಭಾಗದ ಉಳಿತಾಯ ಆಮೇಲಿನದು. ಒಂದೇ ಎಚ್ಚರಿಕೆ: ಅವತ್ತು ರಾತ್ರಿ ಮೇಂಟೆನೆನ್ಸ್ ಇರುವ ವಿಮಾನವನ್ನು ಈ ಆಟಕ್ಕೆ ಎಳೆಯಬೇಡಿ. ಅದರ ದಿನ ಬೇಗ ಮುಗಿಯಬೇಕು, ಸಾಲು ಬದಲಾದರೆ ಬೇಗ ಮುಗಿಯುವುದಿಲ್ಲ.

ಬೇಗ ಯಾಕೆ ಮುಗಿಯಬೇಕು? ಭಾನುವಾರದ ರಾತ್ರಿಯ ಜಾತ್ರೆಯನ್ನು ಬಿಡಿಸಬೇಕಲ್ಲ, ಅದಕ್ಕೆ. ಆರು ವಿಮಾನವನ್ನೂ ಒಂದೇ ರಾತ್ರಿ ಮೇಂಟೆನೆನ್ಸ್‌ಗೆ ಹಾಕಿದ್ದೀರಿ. ಸೋಮವಾರದಿಂದ ಶನಿವಾರದವರೆಗೆ ರಾತ್ರಿಗೊಂದರಂತೆ ಹಂಚಿ. ಯಾವ ವಿಮಾನದ ಸರದಿಯೋ ಅವತ್ತು ಅದಕ್ಕೆ ಕೊನೆಯ ಚಿಕ್ಕ ಟ್ರಿಪ್ ಇಲ್ಲ. ಮೊದಲ ಸಾಲಿನದಾದರೆ 20:35ಕ್ಕೆ ಹ್ಯಾಂಗರ್ (ರಿಪೇರಿ ಶೆಡ್) ಸೇರಿ 01:35ಕ್ಕೆ ಹೊರಗೆ. ಮೂರು ಗಂಟೆ ಲೇಟಾಗಿ 23:35ಕ್ಕೆ ಬಂದರೂ 04:35ಕ್ಕೆ ಕೆಲಸ ಮುಗಿದಿರುತ್ತದೆ, 05:30ರ ಫ್ಲೈಟ್‌ಗೆ ಅಪಾಯವಿಲ್ಲ. ಭಾನುವಾರ ರಾತ್ರಿಯನ್ನು ಖಾಲಿ ಬಿಡಿ. ವಾರದಲ್ಲಿ ಯಾವುದಾದರೂ ತಪ್ಪಿಹೋದರೆ ಆ ರಾತ್ರಿ ಕೈ ಹಿಡಿಯುತ್ತದೆ.

ಹ್ಯಾಂಗರ್ ಇದ್ದು ಅದರಲ್ಲಿ ಜಾಗ ಇಷ್ಟೇ ಅನ್ನುವ ಗೇಮ್ ಆದರೆ ಇದು ಇನ್ನೂ ಮುಖ್ಯ. ಸಾಲಿನಲ್ಲಿ ಕಾಯುವ ಲೆಕ್ಕ ವಿಚಿತ್ರ. ಕೆಲಸಗಳು ಹೇಗೆಂದರೆ ಹಾಗೆ ಬರುತ್ತಿದ್ದು, ಹ್ಯಾಂಗರ್ ಶೇಕಡಾ 80ರಷ್ಟು ಹೊತ್ತು ತುಂಬಿದ್ದರೆ, ಸರಳ ಲೆಕ್ಕದಲ್ಲಿ ಸರಾಸರಿ ಕಾಯುವ ಹೊತ್ತು ಒಂದು ಕೆಲಸದ ಹೊತ್ತಿನ 4 ಪಟ್ಟು. ಶೇಕಡಾ 95ಕ್ಕೆ ಏರಿದರೆ 19 ಪಟ್ಟು. ತುಂಬಿ ತುಳುಕುವ ಹ್ಯಾಂಗರ್ ನೋಡಲು ಚೆಂದ, ವಿಮಾನಕ್ಕೆ ಒಳ್ಳೆಯದಲ್ಲ.

ಎ ಚೆಕ್‌ಗೆ ಬರೋಣ. ಹೊಸ ಶೆಡ್ಯೂಲ್‌ನಲ್ಲಿ ಒಂದು ವಿಮಾನ ವಾರಕ್ಕೆ ಆರು ದಿನ 12.5 ಗಂಟೆ, ಒಂದು ದಿನ 10.5 ಗಂಟೆ ಹಾರುತ್ತದೆ. ವಾರಕ್ಕೆ 85.5. ಆರು ವಿಮಾನ ಇದೆ, ವಾರಕ್ಕೊಂದು ಎ ಚೆಕ್ ಅಂತ ಆರು ವಾರದ ಚಕ್ರ ಹಾಕೋಣ ಅನಿಸುತ್ತದೆ. ಗುಣಿಸಿ ನೋಡಿ, 513 ಗಂಟೆ. 13 ಗಂಟೆ ಮೀರಿತು, ವಿಮಾನ ನೆಲಕ್ಕೆ. ಈ 13 ಗಂಟೆಯಲ್ಲಿ ಬಿದ್ದವರು ಬಹಳ ಜನ. ಐದು ವಾರದ ಚಕ್ರ ಮಾಡಿ, 427 ಚಿಲ್ಲರೆ. ಒಂದು ವಾರದಲ್ಲಿ ಮಾತ್ರ ಎರಡು ಎ ಚೆಕ್ ಬರುತ್ತದೆ, ಬರಲಿ. 70 ಗಂಟೆ ಬಳಸದೇ ಬಿಟ್ಟ ಹಾಗಾಯಿತಲ್ಲ ಅನ್ನಬೇಡಿ. ಆ 70 ಗಂಟೆ ಅಂದರೆ ಐದು ದಿನ. ಬಿರುಗಾಳಿ ಬಂದು ಎಲ್ಲ ಅಸ್ತವ್ಯಸ್ತವಾದ ವಾರದಲ್ಲಿ ಎ ಚೆಕ್ ಅನ್ನು ಐದು ದಿನ ಮುಂದಕ್ಕೆ ತಳ್ಳಲು ಸಿಗುವ ಅವಕಾಶ ಅದು.

ಎ ಚೆಕ್ ಅನ್ನು ಆ ವಿಮಾನದ ಮೇಂಟೆನೆನ್ಸ್ ರಾತ್ರಿಗೇ ಕೂಡಿಸಿ. ಬಹಳಷ್ಟು ಗೇಮ್‌ಗಳಲ್ಲಿ ದೊಡ್ಡ ಚೆಕ್ ಮಾಡಿಸಿದರೆ ಸಣ್ಣದೂ ಆದ ಹಾಗೆಯೇ. 20:35ರಿಂದ 8 ಗಂಟೆ ಅಂದರೆ 04:35, ಉಳಿತಾಯ 55 ನಿಮಿಷ. ಸಾಲದು ಅನಿಸಿದರೆ ಅವತ್ತಿನ ಮರುದಿನ ಅದಕ್ಕೆ 05:30ರ ಸಾಲು ಬೇಡ, 06:45ರ ಆರನೇ ಸಾಲು ಕೊಡಿ. ಆಗ ಬಿಡುವು 2 ಗಂಟೆ 10 ನಿಮಿಷ. ಆರನೇ ಸಾಲಿನಲ್ಲಿದ್ದ ವಿಮಾನ 01:25ಕ್ಕೆ ಬಂದು 05:30ಕ್ಕೆ ಹೊರಡಬಹುದು, ಅದಕ್ಕೆ ಆ ರಾತ್ರಿ ಕೆಲಸವೇನೂ ಇಲ್ಲ.

ಈಗ ನಿಮ್ಮ ಆರೂ 300 ಗಂಟೆಯಲ್ಲಿವೆ, ಅದೇ ತಲೆನೋವು. ಹಾಗೇ ಬಿಟ್ಟರೆ ಆರೂ ಒಟ್ಟಿಗೇ 500 ಮುಟ್ಟುತ್ತವೆ. ಇವತ್ತಿನಿಂದಲೇ ಬಿಡಿಸಲು ಶುರು ಮಾಡಿ. ಒಂದನೇ ವಿಮಾನಕ್ಕೆ ಇವತ್ತೇ ಎ ಚೆಕ್ ಮಾಡಿಸಿ. ಎರಡನೆಯದಕ್ಕೆ ಮೂರು ದಿನ ಬಿಟ್ಟು, ಮೂರನೆಯದಕ್ಕೆ ಮತ್ತೆ ಮೂರು ದಿನ ಬಿಟ್ಟು. ಆರನೆಯದರ ಸರದಿ ಹದಿನೈದು ದಿನದ ಮೇಲೆ ಬರುತ್ತದೆ, ಆಗ ಅದು 483ರ ಹತ್ತಿರ ಇರುತ್ತದೆ. ಮುಂದಿನ ಸುತ್ತಿನಲ್ಲಿ ಈ ಮೂರು ದಿನದ ಅಂತರವನ್ನು ಐದಾರು ದಿನಕ್ಕೆ ಎಳೆಯಬಹುದು. 300 ಗಂಟೆಗೇ ಚೆಕ್ ಮಾಡಿಸುವುದು ದಂಡ ಅನಿಸುತ್ತದೆ. ದಂಡವೇ, ಆದರೆ ಒಂದೇ ಸಲ ಕಟ್ಟುವ ದಂಡ.

ಇಲ್ಲಿ ನನ್ನ ಕಥೆ. ನಾನು 11 ಎಟಿಆರ್ 72 ವಿಮಾನಗಳನ್ನು ಒಂದೇ ತಿಂಗಳಲ್ಲಿ ಲೀಸ್‌ಗೆ ತೆಗೆದುಕೊಂಡಿದ್ದೆ. ಎ ಚೆಕ್ ಎಲ್ಲ ಚೆನ್ನಾಗಿ ಹಂಚಿದ್ದೆ, ಹೆಮ್ಮೆಯೂ ಇತ್ತು. ಅದಕ್ಕಿಂತ ದೊಡ್ಡದಾದ ಸಿ ಚೆಕ್ ಅನ್ನುವುದೊಂದು ಇದೆ ಅನ್ನುವುದನ್ನೇ ಮರೆತಿದ್ದೆ. ಎರಡು ಆಟದ ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಲಾಗಿನ್ ಆದರೆ 7 ವಿಮಾನ ಕೆಂಪು ಬಣ್ಣದಲ್ಲಿ ನಿಂತಿವೆ. ಉಳಿದ ನಾಲ್ಕರಲ್ಲಿ ಏನು ಹಾರಿಸುವುದು, ಏನು ಬಿಡುವುದು ಅಂತ ಕೂತು ಯೋಚಿಸುತ್ತಿದ್ದಾಗ ಅವಕ್ಕೂ ಮೂರು ದಿನವಷ್ಟೇ ಉಳಿದಿದೆ ಅಂತ ಕಂಡಿತು. ಪಕ್ಕದ ಹಬ್‌ನ ಆಟಗಾರ ಆ ಎರಡು ವಾರದಲ್ಲಿ ನನ್ನ ಒಳ್ಳೊಳ್ಳೆ ರೂಟ್‌ಗಳಿಗೆಲ್ಲ ಬಂದು ಕೂತ.

ನಿಜವಾದ ವಿಮಾನಗಳಲ್ಲಿ ಸಿ ಚೆಕ್ ಸುಮಾರು ಒಂದೂವರೆ, ಎರಡು ವರ್ಷಕ್ಕೊಮ್ಮೆ ಬರುತ್ತದೆ, ಒಂದೆರಡು ವಾರ ತೆಗೆದುಕೊಳ್ಳುತ್ತದೆ. ಆರರಿಂದ ಹತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಚೆಕ್‌ಗೆ ಒಂದೆರಡು ತಿಂಗಳೇ ಬೇಕಾಗಬಹುದು. ಗೇಮ್‌ಗಳು ಈ ಅಂಕಿಗಳನ್ನೇ ಹಿಗ್ಗಿಸಿ ಕುಗ್ಗಿಸಿ ಇಟ್ಟಿರುತ್ತವೆ. ನಿಮ್ಮ ಗೇಮ್‌ನಲ್ಲಿ ಎಷ್ಟು ದಿನ ಅಂತ ಈಗಲೇ ನೋಡಿ ಬರೆದಿಡಿ. ಸಿ ಚೆಕ್ ಸಮಯ ಬಂದಾಗ ಏಳನೇ ವಿಮಾನವೊಂದನ್ನು ಕೆಲವು ತಿಂಗಳಿಗೆ ಲೀಸ್‌ಗೆ ತನ್ನಿ. ಒಂದೊಂದಾಗಿ ಆರನ್ನೂ ಒಳಗೆ ಕಳಿಸಿ, ಏಳನೆಯದು ಅವುಗಳ ಸಾಲನ್ನು ಹಾರಲಿ. ಒಂದು ಹೊರಗೆ ಬಂದು ಇನ್ನೊಂದು ಒಳಗೆ ಹೋಗುವ ಮಧ್ಯದ ದಿನಗಳಲ್ಲಿ ಅದೇ ನಿಮ್ಮ ಸ್ಪೇರ್ ವಿಮಾನ. ಪ್ರಯಾಣಿಕರು ಕಡಿಮೆ ಇರುವ ಸೀಸನ್ ನೋಡಿ ಇದನ್ನು ಮಾಡಿ; ಬೇಸಿಗೆ ರಜೆಯ ಗಿರಾಕಿಯನ್ನೇ ನಂಬಿದ ನಿಜವಾದ ಕಂಪನಿಗಳು ದೊಡ್ಡ ಚೆಕ್‌ಗಳನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದೂ ಇದಕ್ಕೇ.

ಕಾಯಂ ಸ್ಪೇರ್ ವಿಮಾನ ಬೇಕಾ? ಆರಕ್ಕೆ ಒಂದು ಅತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಒಂದೇ ಮಾದರಿಯ ಹತ್ತು ಹನ್ನೆರಡು ವಿಮಾನ ಆದಾಗ ಯೋಚಿಸಿ. ಅಲ್ಲಿಯವರೆಗೆ ಮಧ್ಯಾಹ್ನದ ಬಿಡುವುಗಳೇ ನಿಮ್ಮ ಸ್ಪೇರ್.

ಕಂಡಿಷನ್ 91ರ ಬಗ್ಗೆ. ಶೇಕಡಾ ಲೆಕ್ಕದ ಗೇಮ್‌ಗಳಲ್ಲಿ ಕಂಡಿಷನ್ ಪ್ರತಿ ಫ್ಲೈಟ್‌ಗೆ ಸ್ವಲ್ಪ ಇಳಿದು ಮೇಂಟೆನೆನ್ಸ್‌ನಲ್ಲಿ ಏರುತ್ತದೆ. ನೋಡಬೇಕಾದ್ದು ಇವತ್ತಿನ ಅಂಕಿಯನ್ನಲ್ಲ, ವಾರದಿಂದ ವಾರಕ್ಕೆ ಅದು ಎತ್ತ ಹೋಗುತ್ತಿದೆ ಅನ್ನುವುದನ್ನು. ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ನೋಡಿ, ಮೇಂಟೆನೆನ್ಸ್ ಮುಗಿದ ಬೆಳಗ್ಗೆಯಾದರೆ ಸರಿ. 91ರಲ್ಲೇ ನಿಂತರೆ ಚಿಂತೆಯಿಲ್ಲ. ಮುಂದಿನ ವಾರ 90, ಅದರ ಮುಂದಿನ ವಾರ 89 ಆದರೆ ವಾರಕ್ಕೆ 5 ಗಂಟೆ ಸಾಲುತ್ತಿಲ್ಲ. ಆಗ 20:35ಕ್ಕೆ ಬಂದ ವಿಮಾನವನ್ನು 5 ಗಂಟೆಗೇ ಬಿಡಬೇಡಿ, ಬೆಳಗಿನವರೆಗೂ ಹ್ಯಾಂಗರ್‌ನಲ್ಲೇ ಇಡಿ. ಆ ರಾತ್ರಿ 8 ಗಂಟೆ 55 ನಿಮಿಷ ಇದೆಯಲ್ಲ. ಸಣ್ಣ ದೋಷಗಳನ್ನು ಮುಂದೂಡಲು ಗೇಮ್ ಬಿಟ್ಟರೆ ಹಬ್‌ಗೆ ಬರುವವರೆಗೆ ಮುಂದೂಡಿ. ನಿಜದಲ್ಲೂ ಎಂಇಎಲ್ ಅನ್ನುವ ಪಟ್ಟಿಯ (ಏನು ಕೆಟ್ಟಿದ್ದರೂ ಹಾರಬಹುದು ಅಂತ ಹೇಳುವ ಪಟ್ಟಿ) ಪ್ರಕಾರ ಕೆಲವು ದೋಷಗಳಿಗೆ 3 ದಿನ, ಕೆಲವಕ್ಕೆ 10, ಕೆಲವಕ್ಕೆ 120 ದಿನದ ಗಡುವು ಇರುತ್ತದೆ. ಆದರೆ ಮುಂದೂಡಿದ್ದನ್ನು ಮರೆಯುವವರೇ ಜಾಸ್ತಿ.

ಇದೆಲ್ಲದಕ್ಕೆ ಬೆಲೆ ಎಷ್ಟು ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೊದಲು ಆರು ವಿಮಾನ ಸೇರಿ ವಾರಕ್ಕೆ 588 ಗಂಟೆ ಹಾರುತ್ತಿದ್ದವು, ಈಗ 513. ಶೇಕಡಾ 13ರಷ್ಟು ಕಡಿಮೆ. ಕಡಿಮೆಯಾದದ್ದೆಲ್ಲ ದಿನದ ಕೊನೆಯ ರೌಂಡ್ ಟ್ರಿಪ್‌ನ ಹಾರಾಟ. ನಿಮ್ಮ ಹಳೆಯ 22:25ರ ಫ್ಲೈಟ್‌ನಲ್ಲಿ ಎಷ್ಟು ಸೀಟು ತುಂಬುತ್ತಿತ್ತು ಅಂತ ಒಮ್ಮೆ ನೋಡಿ, ದುಃಖ ಅರ್ಧವಾಗುತ್ತದೆ. ದಿನಕ್ಕೆ ಸರಾಸರಿ 12 ಗಂಟೆ ಅನ್ನುವುದು ಈ ಗಾತ್ರದ ವಿಮಾನಕ್ಕೆ ನಿಜ ಲೋಕದಲ್ಲೂ ಒಳ್ಳೆಯ ಲೆಕ್ಕ. 14 ದುರಾಸೆ.

ಅಮೆರಿಕದ ಸೌತ್‌ವೆಸ್ಟ್ ವಿಮಾನ ಕಂಪನಿ 10 ನಿಮಿಷದಲ್ಲಿ ಟರ್ನ್‌ಅರೌಂಡ್ ಮಾಡಿಲ್ವಾ ಅಂತ ಯಾರಾದರೂ ನಿಮಗೆ ಹೇಳಬಹುದು. ಮಾಡಿದ್ದು ನಿಜ. 1972ರಲ್ಲಿ ಹಣವಿಲ್ಲದೆ ನಾಲ್ಕು ಬೋಯಿಂಗ್ 737ಗಳಲ್ಲಿ ಒಂದನ್ನು ಮಾರಿ, ಮೂರರಲ್ಲೇ ನಾಲ್ಕರ ಶೆಡ್ಯೂಲ್ ಹಾರಿಸಲು ಹಾಗೆ ಮಾಡಿದರು. ಅವರು ನಿಲ್ಲುವ ಹೊತ್ತನ್ನೇ ಕಡಿಮೆ ಮಾಡಬಲ್ಲವರಾಗಿದ್ದರು. ನಿಮ್ಮ ಗೇಮ್ 40ಕ್ಕೆ ಗೆರೆ ಎಳೆದಿದೆ.

ಹೊಸ ಶೆಡ್ಯೂಲ್ ಹಾಕಿದ ಮೊದಲ ಎರಡು ವಾರ ಉದ್ದ ಬಿಡುವಿನ ನಂತರ ಹೊರಡುವ ಆರು ಫ್ಲೈಟ್‌ಗಳನ್ನು (16:20ರಿಂದ 17:35) ಮಾತ್ರ ನೋಡಿ, ಬೇರೆ ಯಾವುದನ್ನೂ ಮುಟ್ಟಬೇಡಿ. ಅವು 15 ನಿಮಿಷದೊಳಗೆ ಹೊರಡುತ್ತಿದ್ದರೆ ಬೆಂಕಿ ರೇಖೆ ಕೆಲಸ ಮಾಡುತ್ತಿದೆ. ವಾರಕ್ಕೆ ಮೂರು ನಾಲ್ಕು ಸಲ ಅದೂ ಲೇಟಾದರೆ ಆ ಒಂದೂವರೆ ಗಂಟೆಯನ್ನು ಒಂದು ಮುಕ್ಕಾಲು ಮಾಡಿ, ಆ ಹೆಚ್ಚಿನ 15 ನಿಮಿಷವನ್ನು ರಾತ್ರಿಯ ಬಿಡುವಿನಿಂದ ತೆಗೆಯಿರಿ. ಮೇಂಟೆನೆನ್ಸ್ ಇಲ್ಲದ ರಾತ್ರಿಗಳಲ್ಲಿ ಅದು ಸಾಕಷ್ಟಿದೆ. ಒಮ್ಮೆಯೂ ಲೇಟಾಗದಿದ್ದರೆ 1 ಗಂಟೆ 15ಕ್ಕೆ ಇಳಿಸಿ ಇನ್ನೆರಡು ವಾರ ನೋಡಿ.